ಕೆಂಪು ಟೇಪಿನ ಹೆಲ್ಮೆಟ್

ಮಗಳ ಸ್ಕೂಟರಿಗೆಂದು ತಂದ ಹೊಸ ಹೆಲ್ಮೆಟ್ಟಿನ ಡಬ್ಬ ಬಿಚ್ಚಿದಾಗ ಒಳಗಿನಿಂದ ಸ್ಪಂಜು, ಗೋಂದು, ಹೊಸ ಬಟ್ಟೆ ಎಲ್ಲ ಬೆರೆತ ವಾಸನೆ ಬಂತು. ಮಗಳು ಅದನ್ನು ತಲೆಗೇರಿಸಿಕೊಂಡು ಕನ್ನಡಿ ಹುಡುಕುತ್ತ ಒಳಗೆ ಓಡಿದಳು. ನಾನು ಖಾಲಿ ಡಬ್ಬ ಹಿಡಿದು ಜಗಲಿಯಲ್ಲೇ ನಿಂತೆ. ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯೊಂದರಲ್ಲಿ, ಇದೇ ವಾಸನೆಯ ನಡುವೆ, ಹೆಲ್ಮೆಟ್ ಹಾಕಿಕೊಂಡೇ ಸ್ಟೂಲಿನ ಮೇಲೆ ಕೂತು ಅಂಗಡಿಯವನನ್ನು ದಿಟ್ಟಿಸುತ್ತಿದ್ದ ಭಾವ ಕಣ್ಣಿಗೆ ಕಟ್ಟಿದರು.

ಭಾವ ಅಂದರೆ ನನ್ನ ಅಕ್ಕನ ಗಂಡ. ಲೈನ್‌ಮ್ಯಾನ್ ಆಗಿದ್ದರು. ಸಣ್ಣ ಆಳು, ಸಣ್ಣ ತಲೆ. ಆ ತಲೆಯ ತುಂಬ ಬರೀ ಅನುಮಾನ. ಲೈನ್ ಆಫ್ ಆಗಿದೆ ಎಂದು ಯಾರು ಹೇಳಿದರೂ ಅವರು ನಂಬುತ್ತಿರಲಿಲ್ಲ. ಹೇಳಿದವರು ಮೇಲಧಿಕಾರಿಯಾಗಲಿ, ಜೊತೆಗೆ ಉಂಡು ಮಲಗುವ ಗೆಳೆಯನಾಗಲಿ, ತಾವೇ ಪರೀಕ್ಷೆ ಮಾಡದೆ ಕಂಬ ಹತ್ತುತ್ತಿರಲಿಲ್ಲ. ಆ ಅಭ್ಯಾಸ ಕಂಬದಿಂದ ಇಳಿದು ಮನೆಗೂ ಬಂದಿತ್ತು. ಹಾಲು ಕೊಟ್ಟರೆ ಮೂಸಿ ಕುಡಿಯುವರು. ಬೀಗ ಹಾಕಿ ಹತ್ತು ಹೆಜ್ಜೆ ಹೋದವರು ಹಿಂದಕ್ಕೆ ಬಂದು ಎಳೆದು ನೋಡುವರು. ಅಕ್ಕ ನಗುತ್ತಿದ್ದಳು, "ಮದುವೆ ದಿನ ತಾಳಿ ಗಂಟನ್ನೂ ಎಳೆದು ನೋಡಿದ್ರು ಇವ್ರು" ಎಂದು.

ನಾನು ಮೊಬೈಲ್ ರಿಪೇರಿ ಅಂಗಡಿ ಹಾಕಿ, ಹಳೆಯ ಬೈಕೊಂದನ್ನು ಕೊಂಡಿದ್ದ ಕಾಲ ಅದು. ಹೆಲ್ಮೆಟ್ ತೆಗೆದುಕೊಳ್ಳಲು ಹೊರಟಾಗ ಭಾವ ತಾವೂ ಬಂದರು. ಅವರದ್ದೂ ಹಳತಾಗಿತ್ತು. ಅಂಗಡಿಯವನು ನನ್ನ ಕೈಗೆ ಒಂದನ್ನು ಕೊಟ್ಟ. ಹಾಕಿಕೊಂಡೆ. ಆರಾಮವಾಗಿ ಇಳಿಯಿತು. ಚೆನ್ನಾಗಿದೆ ಅಂದೆ.

"ಆರಾಮ ಇದ್ಯಾ? ಹಂಗಾರೆ ತೆಗಿ" ಅಂದರು ಭಾವ.

ಅದಕ್ಕಿಂತ ಚಿಕ್ಕದನ್ನು ತರಿಸಿದರು. ಹಾಕಿದಾಗ ಕೆನ್ನೆ ಒತ್ತಿ ಮುಖವೆಲ್ಲ ಉಬ್ಬಿದಂತಾಯಿತು. ಪಟ್ಟಿ ಬಿಗಿದು, ಗಲ್ಲದ ಕೆಳಗೆ ಎರಡು ಬೆರಳು ತೂರಿಸಿ ನೋಡಿದರು. ತಲೆ ಅಲ್ಲಾಡಿಸಲು ಹೇಳಿದರು. ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು, ತಲೆ ಮಾತ್ರ ಒಳಗೊಳಗೇ ತಿರುಗಬಾರದು ಅಂದರು. ಆಮೇಲೆ ನನ್ನ ಬೆನ್ನ ಹಿಂದೆ ನಿಂತು, ಕುತ್ತಿಗೆ ಹತ್ತಿರದ ಅಂಚಿಗೆ ಕೈ ಹಾಕಿ ಮೇಲಕ್ಕೆ, ಮುಂದಕ್ಕೆ ಎಷ್ಟು ಜೋರಾಗಿ ಎಳೆದರೆಂದರೆ ನಾನು ಕೌಂಟರಿಗೆ ಮುಗ್ಗರಿಸಿದೆ. ಹೆಲ್ಮೆಟ್ ಮಾತ್ರ ಕದಲಲಿಲ್ಲ.

"ಸ್ವಲ್ಪ ದೊಡ್ಡದೇ ತಗೊಳ್ಳಿ ಸಾರ್, ಉಸಿರಾಡೋಕೆ ಆಗ್ತದೆ" ಅಂದ ಅಂಗಡಿಯವನು.

"ಇದು ಹಾಕ್ತಾ ಹಾಕ್ತಾ ಸಡಿಲ ಆಗ್ತದಾ ಇಲ್ವಾ?"

"ಆಗ್ತದೆ ಸಾರ್, ಸ್ವಲ್ಪ."

"ಹಂಗಾರೆ ಇವತ್ತೇ ಸಡಿಲ ಇದ್ದಿದ್ದು ಮುಂದಿನ ವರ್ಷಕ್ಕೆ ಎಂತ ಆಗ್ತದೆ? ಕೊಡಪಾನ ಆಗ್ತದೆ ಮಾರಾಯ."

ತಮಗೆಂದು ಬೂದು ಬಣ್ಣದ್ದೊಂದನ್ನು ಆರಿಸಿಕೊಂಡರು. ಅದನ್ನು ಹಾಕಿಕೊಂಡು ಸ್ಟೂಲಿನ ಮೇಲೆ ಸುಮ್ಮನೆ ಕೂತುಬಿಟ್ಟರು. ಹಣೆಯಲ್ಲಿ ಒಂದೇ ಕಡೆ ನೋಯುತ್ತದೋ ಎಂದು ನೋಡಬೇಕಂತೆ, ನೋಯುವುದಾದರೆ ಸ್ವಲ್ಪ ಹೊತ್ತಿನ ಮೇಲೇ ಗೊತ್ತಾಗುವುದಂತೆ. ಗಿರಾಕಿಗಳು ಬಂದರು, ಹೋದರು. ಭಾವ ಕದಲಲಿಲ್ಲ. ಕೊನೆಗೆ ಎದ್ದು "ಇದು ಅಡ್ಡಿಲ್ಲ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಪಟ್ಟಿಯ ಉಳಿದ ತುದಿ ಗಾಳಿಗೆ ಕುತ್ತಿಗೆಗೆ ಬಡಿಯುತ್ತದೆಂದು, ಕರೆಂಟ್ ವೈರುಗಳಿಗೆ ಸುತ್ತುವ ಕೆಂಪು ಟೇಪನ್ನು ಜೇಬಿನಿಂದ ತೆಗೆದು ಆ ತುದಿಯನ್ನು ಮಡಚಿ ಬಿಗಿಯಾಗಿ ಸುತ್ತಿದರು...

ಅದಾಗಿ ಕೆಲವು ಮಳೆಗಾಲ ಕಳೆದ ಮೇಲೆ ಶೃಂಗೇರಿಯಲ್ಲೊಂದು ಮದುವೆಯಿತ್ತು. ಅವರ ಸಹೋದ್ಯೋಗಿಯ ಕಡೆಯದು. ಅಕ್ಕನಿಗೆ ಜ್ವರ, ಹಾಗಾಗಿ ಭಾವ ಒಬ್ಬರೇ ಹೋದರು. ಊಟ ಮುಗಿಸಿ ಕೊಪ್ಪಕ್ಕೆ ಬರುವಾಗ ಒಂದು ತಿರುವಿನಲ್ಲಿ ಕರುವೊಂದು ಅಡ್ಡ ಬಂತು. ತುಂತುರು ಮಳೆಗೆ ರಸ್ತೆ ಜಾರುತ್ತಿತ್ತು. ಬಿದ್ದರು. ಮೈಮೇಲೆ ಹೇಳಿಕೊಳ್ಳುವಂಥ ಗಾಯವೇ ಇರಲಿಲ್ಲ. ಪೆಟ್ಟೆಲ್ಲ ತಲೆಗೇ ಆಗಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಹೆಲ್ಮೆಟ್ ದೂರದ ಗದ್ದೆಯಲ್ಲಿ ಬಿದ್ದಿತ್ತು. ಅದರ ಪಟ್ಟಿಯ ಬಕಲ್ ಹಾಕಿದ ಹಾಗೇ ಇತ್ತು. ಬಕಲ್ ಬಿಗಿದಿದ್ದರೂ ಹೆಲ್ಮೆಟ್ ತಲೆಯಿಂದ ಕಳಚಿ ಹಾರಿತ್ತು.

ಠಾಣೆಯವರು ಅದನ್ನು ತಂದುಕೊಟ್ಟಾಗ ಅಕ್ಕ ಒಮ್ಮೆ ನೋಡಿದಳು. ಕಪ್ಪು ಬಣ್ಣದ, ಹಳೆಯ, ದೊಡ್ಡ ಹೆಲ್ಮೆಟ್ಟು. "ಇದು ಅವ್ರದ್ದಲ್ಲ" ಅಂದಳು.

ಮದುವೆಮನೆಯಲ್ಲಿ ಅದಲುಬದಲಾಗಿರಬೇಕು ಅಂದರು ಎಲ್ಲರೂ. ಚಪ್ಪಲಿ ಹೋಗುವುದಿಲ್ಲವೇ, ಹಾಗೆ. ಅಕ್ಕ ಒಪ್ಪಲಿಲ್ಲ. ಬೇರೆಯವರ ಮಾತನ್ನೇ ನಂಬದ ಮನುಷ್ಯ ಬೇರೆಯವರ ಹೆಲ್ಮೆಟ್ಟನ್ನು, ಅದೂ ಕೊಡಪಾನದಂಥದ್ದನ್ನು, ತಲೆಗೆ ಹಾಕಿಕೊಂಡು ಹೊರಡುತ್ತಾರೆಯೇ? ನನಗೂ ಹಾಗೇ ಅನ್ನಿಸಿತು. ಯಾರೋ ಒಳ್ಳೆಯ ಹೆಲ್ಮೆಟ್ಟನ್ನು ಎತ್ತಿಕೊಂಡು ಹೋಗಿದ್ದಾರೆ, ಭಾವ ಬೇರೆ ದಾರಿಯಿಲ್ಲದೆ ಅಲ್ಲಿ ಉಳಿದದ್ದನ್ನು ಹಾಕಿಕೊಂಡಿದ್ದಾರೆ ಎಂದು ತೀರ್ಮಾನಿಸಿದೆ. ಆ ಮದುವೆಗೆ ಹೋಗಿದ್ದ ಒಬ್ಬೊಬ್ಬರ ಮೇಲೂ ನನ್ನ ಕಣ್ಣು ಬಿತ್ತು. ಅಂಗಡಿಗೆ ಬಂದವರು ಹೆಲ್ಮೆಟ್ಟನ್ನು ಕೌಂಟರಿನ ಮೇಲಿಟ್ಟರೆ ಫೋನು ನೋಡುವ ಮೊದಲು ಅದರ ಪಟ್ಟಿಯನ್ನು ನೋಡುತ್ತಿದ್ದೆ. "ಎಂತ ಮಾರಾಯ, ಫೋನ್ ರಿಪೇರಿ ಮಾಡ್ತೀಯೋ ಹೆಲ್ಮೆಟ್ಟಾ?" ಎಂದು ಒಬ್ಬರು ಕೇಳಿಯೂ ಬಿಟ್ಟರು.

ಅಕ್ಕನ ರೀತಿ ಬೇರೆ. ಅವಳು ಆ ಕಪ್ಪು ಹೆಲ್ಮೆಟ್ಟನ್ನು ಮುಂದಿನ ಕೋಣೆಯ ಮೊಳೆಗೆ, ಬಾಗಿಲಿಗೆ ಎದುರಾಗಿ ನೇತುಹಾಕಿದಳು. ಮಾತಾಡಿಸಲು ಬಂದವರ ಕಣ್ಣು ಅದರ ಮೇಲೆ ಬಿದ್ದಾಗ ಅವರ ಮುಖ ಹೇಗಾಗುತ್ತದೆ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವಳು. ಕಾಫಿ ಕೊಡುವಾಗಲೂ ನೋಡುವಳು. ನೆಂಟರು ಕ್ರಮೇಣ ಬರುವುದನ್ನೇ ಕಡಿಮೆ ಮಾಡಿದರು.

ಇಷ್ಟರಲ್ಲೇ ಇನ್ನೊಂದು ಮಾತು ಹುಟ್ಟಿತು. ಮದುವೆಗೆ ಹೋಗಿದ್ದ ದೂರದ ನೆಂಟರೊಬ್ಬರು, ಭಾವ ಛತ್ರದ ಹೊರಗೆ ಯಾವುದೋ ಹೆಂಗಸಿನ ಜೊತೆ ನಿಂತಿದ್ದರು ಅಂದರಂತೆ. ಬರೀ ನಿಂತಿದ್ದಲ್ಲ, ಅವಳ ತಲೆ ಹಿಡಿದುಕೊಂಡು ನಿಂತಿದ್ದರಂತೆ, ಅವಳು ಭಾವನ ಹೆಲ್ಮೆಟ್ ಹಾಕಿಕೊಂಡಿದ್ದಳಂತೆ... ಇಂಥ ಮಾತು ಊರಲ್ಲಿ ಎಷ್ಟು ಬೇಗ ಹರಡುತ್ತದೆಂದು ಹೇಳಬೇಕಾಗಿಲ್ಲ. ಅಕ್ಕನ ಕಿವಿಗೆ ಅದು ಯಾವಾಗ ಬಿತ್ತೋ ಗೊತ್ತಿಲ್ಲ. ಒಂದು ದಿನ ಹೋದಾಗ ಗೋಡೆಯ ಮೇಲಿದ್ದ ಭಾವನ ಫೋಟೋ ಇರಲಿಲ್ಲ. ಹೆಲ್ಮೆಟ್ ಮಾತ್ರ ಇತ್ತು. ಅವತ್ತಿನಿಂದ ಅಕ್ಕ ಭಾವನ ಹೆಸರೆತ್ತುವುದನ್ನು ಬಿಟ್ಟಳು. ನಗುವಾಗಲೂ ಇಲ್ಲ, ಅಳುವಾಗಲೂ ಇಲ್ಲ.

ಕಳೆದ ವರ್ಷ ಸಂತೆಯ ದಿನ ಅಂಗಡಿಗೆ ಹೆಂಗಸೊಬ್ಬಳು ಬಂದಳು. ಫೋನು ಚಾರ್ಜ್ ಆಗುತ್ತಿಲ್ಲ ಅಂದಳು. ಹೆಲ್ಮೆಟ್ ತೆಗೆದು ಕೌಂಟರಿನ ಮೇಲಿಟ್ಟಳು. ಬಣ್ಣ ಮಾಸಿತ್ತು, ಗಾಜಿಗೆ ಗೀರು ಬಿದ್ದಿತ್ತು. ಪಟ್ಟಿಯ ತುದಿಯಲ್ಲಿ ಟೇಪು. ಅಂಚೆಲ್ಲ ಕೊಳೆಯಾಗಿ ಕಪ್ಪಾಗಿತ್ತು, ಆದರೂ ಕೆಂಪು ಗೊತ್ತಾಗುತ್ತಿತ್ತು.

"ಇದು ಎಲ್ಲಿ ಸಿಕ್ಕಿತು ನಿಮಗೆ?" ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿತು.

ಅವಳು ಹೆಲ್ಮೆಟ್ಟಿಗೆ ಕೈ ಹಾಕಿದಳು. ನಾನೂ ಹಾಕಿದೆ. ಇಬ್ಬರೂ ಬಿಡಲಿಲ್ಲ.

"ನೀವು ಲೈನ್‌ಮ್ಯಾನ್ ಕಡೆಯವ್ರಾ?" ಎಂದು ಕೇಳಿದಳು. ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

ಅವಳ ಊರು ನರಸಿಂಹರಾಜಪುರದ ಕಡೆ, ಕಡಹಿನಬೈಲು. ತೋಟದ ಕೆಲಸದವಳು. ಆ ದಿನ ಅದೇ ಮದುವೆಗೆ ಗಂಡನ ಬೈಕಿನಲ್ಲಿ ಬಂದಿದ್ದಳಂತೆ. ಅವಳು ಹಾಕಿದ್ದು ಪಕ್ಕದ ಮನೆಯವರಿಂದ ಕೇಳಿ ತಂದ ಹೆಲ್ಮೆಟ್ಟು. ಹೊರಡುವಾಗ ಅದು ಕಣ್ಣಿನ ಮೇಲೆ ಜಾರುತ್ತದೆಂದು ಒಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಭಾವ ಅದನ್ನು ನೋಡಿ ಬೈಕಿಗೆ ಅಡ್ಡ ಬಂದು ನಿಂತರಂತೆ.

"'ಹೆಲ್ಮೆಟ್ ಹಿಡ್ಕೊಳ್ಳೋಕೆ ಒಂದು ಕೈ ಬೇಕಾದ್ರೆ ಬೈಕ್ ಹಿಡ್ಕೊಳ್ಳೋದು ಎಂತರಲ್ಲಿ ಮಾರಾಯ್ತಿ' ಅಂದ್ರು. ನಂಗೆ ನಾಚಿಕೆ ಆತು. ಅವ್ರದ್ದು ತೆಗ್ದು ನಂಗೆ ಹಾಕಿಸಿ, ನಂದು ಅವ್ರು ತಗೊಂಡ್ರು. ತಲೆ ಅಲ್ಲಾಡ್ಸು ಅಂದ್ರು. ಹಿಂದಿಂದ ಹಿಡಿದು ಎಳೆದೂ ನೋಡಿದ್ರು. ನಮ್ಮನೆಯವ್ರು ಬೇಡ ಅಂದ್ರೆ, 'ನೀವು ದೂರ ಹೋಗೋರು, ನಂದು ಇಲ್ಲೇ ಕೊಪ್ಪ. ನಾಳೆ ಕರೆಂಟ್ ಆಫೀಸಲ್ಲಿ ಕೊಟ್ಟು ಹೋಗಿ' ಅಂದ್ರು."

ಮಾರನೆಯ ದಿನ ಅವಳ ಗಂಡ ಹೆಲ್ಮೆಟ್ ಹಿಡಿದು ಕೊಪ್ಪಕ್ಕೆ ಬಂದಿದ್ದ. ಆಫೀಸಿನ ಮುಂದೆ ಜನ ಸೇರಿ ಭಾವ ತೀರಿಕೊಂಡದ್ದನ್ನೇ ಮಾತಾಡುತ್ತಿದ್ದರು. ಯಾರೋ ಒಬ್ಬರು, ಹೆಲ್ಮೆಟ್ ಕದ್ದವನ ಕೈ ಕಡಿಯಬೇಕು ಅನ್ನುತ್ತಿದ್ದರು. ಅದನ್ನು ಕೇಳಿದವನು ಹೆಲ್ಮೆಟ್ಟನ್ನು ಚೀಲದೊಳಗೆ ತುರುಕಿಕೊಂಡು ತಿರುಗಿ ಹೋದ. ಹೊಳೆಗೆ ಎಸೆಯಲು ಹೊರಟಾಗ ಇವಳು ಬಿಡಲಿಲ್ಲವಂತೆ.

ನಾನು ನಂಬಿದೆನೇ? ಪೂರ್ತಿ ನಂಬಲಿಲ್ಲ. ಇಷ್ಟು ವರ್ಷ ಅನುಮಾನ ಸಾಕಿಕೊಂಡವನಿಗೆ ಒಂದು ಕಥೆ ಕೇಳಿದ ಕೂಡಲೇ ಅದನ್ನು ಕೈಬಿಡಲು ಆಗುವುದಿಲ್ಲ. ಅಂಗಡಿ ಬಾಗಿಲೆಳೆದು, ಇದನ್ನು ನನ್ನ ಅಕ್ಕನ ಮುಂದೆ ಹೇಳಬೇಕು ಅಂದೆ. ಅವಳು ಹೆದರಿದಳು, ಆದರೆ ಬಂದಳು.

ಬಾಗಿಲಲ್ಲಿ ಕಾಲಿಟ್ಟವಳು ಮೊಳೆಯ ಕಡೆ ನೋಡಿ ಅಲ್ಲೇ ನಿಂತಳು. "ಇದೇ. ಇದರ ಗಾಜಿನ ಆ ಕಡೆ ಸ್ಕ್ರೂ ಇರ್ಲಿಲ್ಲ, ತಂತಿ ಕಟ್ಟಿತ್ತು" ಅಂದಳು. ಗೋಡೆಯ ಕಡೆಗೆ ತಿರುಗಿದ್ದ ಆ ಬದಿ ಬಾಗಿಲಿನಿಂದ ಕಾಣುವಂತಿರಲಿಲ್ಲ. ನಾನು ಇಳಿಸಿ ತಿರುಗಿಸಿ ನೋಡಿದೆ. ತುಕ್ಕು ಹಿಡಿದ ಸಣ್ಣ ತಂತಿಯೊಂದು ಅಲ್ಲಿ ಸುತ್ತಿಕೊಂಡಿತ್ತು.

ಅಕ್ಕ ಎಲ್ಲವನ್ನೂ ಕೇಳಿದಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಕೇಳಿಯಾದ ಮೇಲೆ, "ಹಾಕ್ಕಳಿ ನೋಡುವ" ಅಂದಳು. ಆ ಹೆಂಗಸು ಬೂದು ಹೆಲ್ಮೆಟ್ಟನ್ನು ಹಾಕಿ ಪಟ್ಟಿ ಬಿಗಿದಳು. ಅಕ್ಕ ಹಿಂದೆ ಹೋಗಿ ನಿಂತು, ಕುತ್ತಿಗೆಯ ಹತ್ತಿರ ಕೈ ಹಾಕಿ ಎಳೆದಳು. ಮತ್ತೊಮ್ಮೆ ಎಳೆದಳು. ಅದು ಬರಲಿಲ್ಲ. ಅಕ್ಕ ಅದರ ಮೇಲೆಯೇ ಕೈಯಿಟ್ಟಳು.

"ನಾನು ಅಷ್ಟು ವರ್ಷ ಅವ್ರ ಹಿಂದೆ ಕೂತು ತಿರುಗಿದೀನಿ. ನಂಗೆ ಒಂದು ತೆಗೆಸಿಕೊಡ್ಲಿಲ್ಲ. ಗುರುತು ಪರಿಚಯ ಇಲ್ಲದೋರಿಗೆ ತಲೆಯಿಂದ ತೆಗ್ದು ಕೊಟ್ರಾ?" ಅಂದಳು.

ಆ ಹೆಂಗಸು ತಲೆ ತಗ್ಗಿಸಿದಳು. ಒಲೆಯ ಮೇಲಿನ ಹಾಲು ಉಕ್ಕುವ ಸದ್ದಾಯಿತು. ಅಕ್ಕ ಒಳಗೆ ಹೋದವಳು ಅಲ್ಲಿಂದಲೇ, ಯಾರಿಗೂ ಅಲ್ಲ ಎಂಬಂತೆ ಹೇಳಿದಳು.

"ನಾನೇ ಬೇಡ ಅಂದಿದ್ದೆ. ಎರಡ್ಮೂರು ಸಲ ಅಂಗಡಿ ತನಕ ಕರ್ಕೊಂಡು ಹೋಗಿದ್ರು. ಮುಡಿದ ಹೂ ಎಲ್ಲ ಅಪ್ಪಚ್ಚಿ ಆಗ್ತದೆ, ನಂಗೆ ಬೇಡ ಅಂತ ನಾನೇ ಹಟ ಮಾಡಿದ್ದೆ..."

ಆಮೇಲೆ ಅವಳು ಅತ್ತಳು. ಬಂದವಳೂ ಹೋಗಿ ಒಲೆಯ ಪಕ್ಕ ಕೂತಳು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ಒಳಗೆ ಅವರಿಬ್ಬರೂ ಏನು ಮಾತಾಡಿಕೊಂಡರೋ ಪೂರ್ತಿ ತಿಳಿಯದು. ಭಾವನ ಹೆಸರು ಅಕ್ಕನ ಬಾಯಲ್ಲಿ ಬಂದದ್ದು ಮಾತ್ರ ಕೇಳಿಸಿತು. ಹೊರಡುವಾಗ ಆ ಹೆಂಗಸು ಹೆಲ್ಮೆಟ್ಟನ್ನು ಅಕ್ಕನ ಮುಂದೆ ಹಿಡಿದಳು. ಅಕ್ಕ ತೆಗೆದುಕೊಳ್ಳಲಿಲ್ಲ. "ಅಷ್ಟು ದೂರ ಬರೀ ತಲೇಲಿ ಹೋಗ್ತೀರಾ? ಹಾಕ್ಕಳಿ" ಅಂದಳು. ಹಳತಾಗಿದೆ, ಹೊಸತು ತಗೊಳ್ಳಿ ಎಂದೂ ಗದರಿದಳು. ಸಂಜೆ ಕಪ್ಪು ಹೆಲ್ಮೆಟ್ಟನ್ನು ನಾನೇ ಗುಜರಿಗೆ ಹಾಕಿದೆ.

ಊರಿನ ಮಾತು ಅದರಿಂದ ನಿಂತಿತೇ? ಇಲ್ಲ. ಹೇಳಿದವರಿಗೆ ನಿಜ ತಿಳಿಸಲು ಹೋದೆ. "ಇರಬಹುದು, ಇರಬಹುದು" ಎಂದು ನಕ್ಕರು. ಅವರ ಮಟ್ಟಿಗೆ ಹಳೆಯ ಕಥೆಯೇ ರುಚಿ. ಲೋಕವನ್ನೇ ಅನುಮಾನಿಸುತ್ತಿದ್ದ ಮನುಷ್ಯ ಒಂದು ಮಧ್ಯಾಹ್ನ, ಸಡಿಲ ಎಂದು ಗೊತ್ತಿದ್ದೂ, ಕೊಪ್ಪದ ತನಕ ತಾನೇ ಅಲ್ಲವೇ ಎಂದು ರಸ್ತೆಯನ್ನು ನಂಬಿದರು. ಆ ಒಂದು ಸಲ ಯಾಕೆ ನಂಬಿದಿರಿ ಭಾವ ಎಂದು ಕೇಳೋಣವೆಂದರೆ...

ಮೊನ್ನೆ ಅಕ್ಕನನ್ನು ಬೈಕಿನಲ್ಲಿ ಶೃಂಗೇರಿಗೆ ಕರೆದೊಯ್ದಿದ್ದೆ. ವಾಪಸ್ಸು ಬರುವಾಗ ಅವಳು ಹೆಗಲು ತಟ್ಟಿ, "ಜಾಗ ಬಂದಾಗ ನಿಲ್ಸು" ಅಂದಳು. ಯಾವ ಜಾಗ ಎಂದು ಕೇಳುವ ಅಗತ್ಯವಿರಲಿಲ್ಲ. ನಿಲ್ಲಿಸಿದೆ. ಅವಳು ಇಳಿದು ರಸ್ತೆಯ ಅಂಚಿಗೆ ಹೋಗಿ ನಿಂತಳು. ಕೆಳಗಿನ ಗದ್ದೆಯಲ್ಲಿ ನಾಟಿ ಮುಗಿದು ಹಸಿರು ಆಗಷ್ಟೇ ಎದ್ದಿತ್ತು. ಆ ಕಡೆ ನೋಡಿದಳು, ಈ ಕಡೆ ನೋಡಿದಳು.

"ಇಷ್ಟೇನಾ?" ಅಂದಳು. "ನಾನು ದೊಡ್ಡ ತಿರುವು ಅಂದ್ಕೊಂಡಿದ್ದೆ ಕಣಾ. ಕಣ್ಣು ಮುಚ್ಚಿದ್ರೆ ದೊಡ್ಡ ತಿರುವೇ ಕಾಣ್ತಿತ್ತು. ಇದು ಎಂತದೂ ಅಲ್ಲ..."

ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು. ಅವಳು ಬಂದು ಕೂತಳು. ಕೊಪ್ಪ ಮುಟ್ಟುವ ತನಕ ನನ್ನ ಹೆಗಲ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.