ಶರಣಮ್ಮಕ್ಕ ಕೇಳಿದ ಕಾಲಂ

ಶರಣಮ್ಮಕ್ಕನಿಗೆ ಸಿಟ್ಟು ಬಂದರೆ ಮೊದಲು ಎಡಗೈಯ ಬಳೆಗಳು ಮೇಲೇರುತ್ತಿದ್ದವು. ಗಾಜಿನ ಬಳೆಗಳನ್ನು ಮೊಣಕೈ ಹತ್ತಿರದವರೆಗೆ ತಳ್ಳಿ, ಬಿಗಿಯಾಗಿ ನಿಲ್ಲಿಸಿ, ಆಮೇಲೆ ಮಾತು. ಇಂದಿರಾನಗರದ ಹಳೇ ಬಂಗಲೆಯೊಂದರ ಮಲಗುವ ಕೋಣೆಯೇ ನಮ್ಮ ಆಫೀಸು. ಆ ಬಳೆಗಳ ಸದ್ದು ಕೇಳಿದರೆ ಸಾಕು, ಹೆಡ್‌ಫೋನ್ ಹಾಕಿಕೊಂಡವರೂ ತಲೆ ತಗ್ಗಿಸುತ್ತಿದ್ದರು. ನಾನಂತೂ ಪಕ್ಕದ ಕುರ್ಚಿಯವನು, ಬೈಗುಳದ ಮೊದಲ ಪಾಲು ನನಗೇ.

ಅಕ್ಕ ಸೇಡಂ ಕಡೆಯವರು. ರಾಮಮೂರ್ತಿನಗರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಕಂಪ್ಯೂಟರಿನ ಕೆಲಸಕ್ಕೆ ಬರುವ ಮೊದಲು ಆಸ್ಪತ್ರೆಯೊಂದರಲ್ಲಿ ಹೊರರೋಗಿಗಳ ಚೀಟಿ ಬರೆಯುತ್ತಿದ್ದರು. ಆ ಅಭ್ಯಾಸ ಬಿಟ್ಟುಹೋಗಿರಲಿಲ್ಲ. ನಾವೆಲ್ಲ ‘ರೆಕಾರ್ಡ್’ ಅಂದರೆ ಅವರು ‘ಮಂದಿ’ ಅನ್ನುತ್ತಿದ್ದರು. “ಇವತ್ತು ಎಷ್ಟು ಮಂದಿ ಬಂದ್ರೋ?” ಎಂದು ಅವರು ಕೇಳಿದಾಗ, ಹೊಸಬರು ಬಾಗಿಲ ಕಡೆ ನೋಡುತ್ತಿದ್ದರು.

ಹಲಸೂರು, ಶಿವಾಜಿನಗರ, ಕೆ.ಆರ್. ಪುರದಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಒಂದು ಸಂಸ್ಥೆಯ ರೋಗಿಗಳ ವಿವರವನ್ನು ಡಾಕ್ಯುಮೆಂಟ್ ಡೇಟಾಬೇಸಿನಿಂದ ತೆಗೆದು, ಡೇಟಾ ಜೋಡಿಸುವ ಟೂಲ್ ಮೂಲಕ ಡಾಕ್ಟರರ ಹೊಸ ಪರದೆಗೆ ತಲುಪಿಸುವುದು ನಮ್ಮ ಕೆಲಸ. ಆ ಡೇಟಾಬೇಸಿನಲ್ಲಿ ರೋಗಿಗೊಂದು ಹಾಳೆ. ಹಾಳೆಯಲ್ಲಿ ಇಂಥದ್ದೇ ಇರಬೇಕೆಂಬ ಕಟ್ಟಳೆಯಿಲ್ಲ. ಯಾವುದಾದರೂ ಔಷಧ ಒಗ್ಗದವರ ಹಾಳೆಗೆ ಮಾತ್ರ ನರ್ಸು ‘ಅಲರ್ಜಿ’ ಎಂದು ಸೇರಿಸುತ್ತಾಳೆ, ಉಳಿದವರ ಹಾಳೆಯಲ್ಲಿ ಆ ಪದವೇ ಇರುವುದಿಲ್ಲ. ಟೂಲಿಗೋ ಕಾಲಂಗಳು ಬೇಕು. ಅದು ಮೊದಲ ನೂರು ಹಾಳೆ ಓದಿ ಕಾಲಂಗಳನ್ನು ತಾನೇ ಗೊತ್ತುಮಾಡುತ್ತದೆ. ಆ ನೂರರಲ್ಲಿ ಕಾಣದ್ದನ್ನು ಕೈಬಿಡುತ್ತದೆ. ಬೇಕಾದ ಕಾಲಂಗಳನ್ನು ನಾವೇ ಬರೆದುಕೊಡಬಹುದಿತ್ತು. ನಾನು ಬರೆಯಲಿಲ್ಲ. ಪಾಸ್‌ವರ್ಡ್ ಹಾಕಿದೆ, ಗುಂಡಿ ಒತ್ತಿದೆ, ಕನೆಕ್ಷನ್ ಆಯಿತೆಂಬ ಹಸಿರು ಗುರುತು ಬಂತು, ಕಾಫಿಗೆ ಎದ್ದೆ.

ಶರಣಮ್ಮಕ್ಕ ಕಾಫಿಗೆ ಬರಲಿಲ್ಲ. ಹಳೆಯ ಹಾಳೆ, ಹೊಸ ಪರದೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಬ್ಬೊಬ್ಬರನ್ನೇ ಓದುತ್ತಿದ್ದರು. ನಾನು ಮರಳುವಷ್ಟರಲ್ಲಿ ಬಳೆಗಳು ಮೇಲಿದ್ದವು.

“ಹಲಸೂರಿನ ಈ ಮುದುಕಿನ್ನ ನೋಡಿದ್ಯೇನೋ? ಪೆನಿಸಿಲಿನ್ ಆಗಂಗಿಲ್ಲ ಅಂತ ಹಾಳ್ಯಾಗ ಬರದದ. ನಿನ್ನ ಪರದೇದಾಗ ಎಲ್ಲದ?”

“ಮೊದಲ ನೂರರಲ್ಲಿ ಯಾರಿಗೂ ಇರ್ಲಿಲ್ಲ ಅನ್ಸುತ್ತೆ ಅಕ್ಕಾ.”

“ಡಾಕ್ಟರ್ ಏನ್ ತಿಳೀತಾನ? ಏನೂ ಇಲ್ಲ ಅಂತ ಸೂಜಿ ಚುಚ್ತಾನ. ಟೂಲ್ ಕುರುಡದ, ನಿನಗೇನಾಗ್ಯಾದ?”

ಅಂದೇ ಅಕ್ಕ ಮೀಟಿಂಗ್ ಕರೆಸಿದರು. ನಮ್ಮ ಮ್ಯಾನೇಜರ್ ಯಾವಾಗಲೂ ನಗುತ್ತಲೇ ಮಾತಾಡುವವನು. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ.

“ಸೋಮವಾರ ಶುರು ಮಾಡ್ತೀವಿ ಅಂತ ಮಾತು ಕೊಟ್ಬಿಟ್ಟಿದೀನಿ ಮೇಡಂ. ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದಗುಳು ಸಾಕು. ಇದು ನೂರು ನೋಡಿದೆಯಲ್ಲ!”

“ಅಗುಳೆಲ್ಲಾ ಒಂದ ಗಡಿಗ್ಯಾಗ ಬೆಂದಿರತಾವ್ರೀ. ಮಂದಿ ಹಂಗ ಬೆಂದಿರಂಗಿಲ್ಲ.”

ಅವನು ನನ್ನ ಕಡೆ ತಿರುಗಿದ. “ನೀನ್ ಹೇಳು ಗುರು, ಕನೆಕ್ಷನ್ ಆಗಿದ್ಯಾ, ಇಲ್ವಾ?”

“ಹಸಿರು ಬಂದಿದೆ ಸಾರ್,” ಅಂದೆ. ಸುಳ್ಳಲ್ಲ. ಆದರೆ ಅದಕ್ಕಿಂತ ಹೇಡಿ ಮಾತನ್ನು ನಾನು ಎಂದೂ ಆಡಿಲ್ಲ.

ಸೋಮವಾರ ಹೊಸ ಪರದೆ ಶುರುವಾಯಿತು. ಶರಣಮ್ಮಕ್ಕ ಬಂಗಲೆಯ ಹಿತ್ತಲಿಗೆ ಹೋಗಿ ಮೂರೂ ಕ್ಲಿನಿಕ್ಕಿಗೆ ಫೋನ್ ಮಾಡಿದರು. “ಪರದೆ ನಂಬಬ್ಯಾಡ್ರೀ ಸಿಸ್ಟರ್. ಸೂಜಿ ಹಿಡಿಯೋಕಿಂತ ಮೊದಲ ಹಳೇ ಫೈಲ್ ನೋಡ್ರಿ, ಇಲ್ಲಾಂದ್ರ ಅವರನ್ನ ಕೇಳ್ರಿ.” ಗುರುವಾರ ಹಲಸೂರಿನ ಡಾಕ್ಟರು ಅದೇ ಮುದುಕಿಗೆ ಪೆನಿಸಿಲಿನ್ ಬರೆದರು. ನರ್ಸಿಗೆ ಆ ಫೋನ್ ನೆನಪಿತ್ತು, ಫೈಲ್ ತೆರೆದಳು. ಮುದುಕಿ ನಡೆದುಕೊಂಡೇ ಮನೆಗೆ ಹೋದಳು.

ಕ್ಲಿನಿಕ್ಕಿನವರು ಪಾಪ, ಒಳ್ಳೆಯ ಮನಸ್ಸಿನಿಂದ ನಮ್ಮ ಆಫೀಸಿಗೆ ಧನ್ಯವಾದದ ಪತ್ರ ಬರೆದರು. ಆ ಪತ್ರವೇ ಸಾಕ್ಷಿಯಾಯಿತು. ಹೇಳದೆ ಕೇಳದೆ ಗ್ರಾಹಕರಿಗೆ ಫೋನ್ ಮಾಡಿದ್ದಾರೆ, ಕಂಪನಿಯ ಹೆಸರು ಕೆಡಿಸಿದ್ದಾರೆ ಎಂದು ಶುಕ್ರವಾರವೇ ಅಕ್ಕನನ್ನು ಕೆಲಸದಿಂದ ತೆಗೆದರು. ಒಂದು ಜೀವ ಉಳಿಸಿದ ತಪ್ಪಿಗೆ! ಥೂ! ಹಸಿರು ಗುರುತು ತಂದ ನಾನು ಮಾತ್ರ ಕುರ್ಚಿಯಲ್ಲಿ ಭದ್ರವಾಗಿ ಕೂತಿದ್ದೆ.

ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಸಾಮಾನು ಕಟ್ಟಿಟ್ಟಿದ್ದರು, ಬುತ್ತಿಗೆ ರೊಟ್ಟಿ ಸುತ್ತುತ್ತಿದ್ದರು.

“ನಂದೇ ತಪ್ಪು ಅಕ್ಕಾ. ಕ್ಷಮಿಸ್ಬಿಡಿ.”

ಅವರು ತಲೆ ಎತ್ತಲಿಲ್ಲ. “ಆ ಕಾಲಂ ಬಂತೇನು?”

“ಇನ್ನೂ ಇಲ್ಲ. ಮುಂದಿನ ತಿಂಗಳು ನೋಡೋಣ ಅಂದ್ರು...”

ಬಳೆಗಳು ಏರಿದವು. “ಆ ನರ್ಸಮ್ಮ ನನ್ನ ಫೋನ್ ಎಷ್ಟು ದಿನ ನೆನಪಿಟ್ಕೊಂತಾಳ? ಮತ್ತ ಇಲ್ಲಿಗ್ಯಾಕ ಬಂದಿ? ನನ್ನ ಮನ್ಯಾಗ ಏನದ ನಿಂದು? ಆಫೀಸಿಗೆ ನಡಿ!”

ಬಾಗಿಲು ಹಾಕಿಕೊಂಡರು.

ಆಫೀಸಿಗೆ ಹೋದೆ. ಯಾರನ್ನೂ ಕೇಳಲಿಲ್ಲ. ಟೂಲ್ ತಾನೇ ಊಹಿಸುವುದನ್ನು ನಿಲ್ಲಿಸಿ, ಕಾಲಂಗಳನ್ನೆಲ್ಲ ಕೈಯಾರೆ ಬರೆದು, ಹಾಳೆಗಳನ್ನು ಮತ್ತೆ ಎಳೆದೆ. ಹಸಿರು ಗುರುತು ಬಂತು. ಈ ಸಲ ಅಷ್ಟಕ್ಕೇ ಏಳಲಿಲ್ಲ, ಅವರ ಹಾಗೆಯೇ ಒಬ್ಬೊಬ್ಬರನ್ನೇ ಓದುತ್ತಾ ಹೋದೆ. ಹಲಸೂರಿನ ಮುದುಕಿಯ ಹೆಸರಿನ ಮುಂದೆ ಪೆನಿಸಿಲಿನ್ ಕಂಡಿತು. ಹಲಸೂರಿನ ಪಟ್ಟಿ ಮುಗಿದದ್ದೇ ಸಂಜೆ ರಾಮಮೂರ್ತಿನಗರಕ್ಕೆ ಓಡಿದೆ. ಬಾಗಿಲಿಗೆ ಬೀಗ. ಮನೆಯೊಡತಿ ಮಹಡಿಯಿಂದ ಕೂಗಿದರು, “ಅವ್ರು ಮಧ್ಯಾಹ್ನನೇ ಖಾಲಿ ಮಾಡ್ಕೊಂಡು ಹೋದ್ರು. ಮನೆ ನೋಡೋಕೆ ಬಂದ್ರಾ?”

ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ‘ಕಾಲಂ ಬಂತು ಅಕ್ಕಾ’ ಎಂದು ಮೆಸೇಜು ಕಳಿಸಿ ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಂದು ಸಾಲು ಬಂತು.

“ಎಲ್ಲಾ ಮಂದೀನೂ ನೋಡಿದ್ಯೇನು?”

ಅದೇ ಅವರಿಂದ ಬಂದ ಕೊನೆಯ ಮಾತು. ನಾನು ನೋಡಿದ್ದು ಹಲಸೂರಿನವರನ್ನು ಮಾತ್ರ. ಎದ್ದು ಮತ್ತೆ ಆಫೀಸಿನ ದಾರಿ ಹಿಡಿದೆ.