ರೇಷ್ಮೆ ಹುಡುಕಿದರೆ ಉಪ್ಪಿನಕಾಯಿ

ಹೋದ ಭಾನುವಾರ ನಮ್ಮ ಚಿಕ್ಕಮ್ಮನ ರೇಷ್ಮೆ ಪುಸ್ತಕ ನನ್ನ ಕಣ್ಣೆದುರೇ ಉಪ್ಪಿನಕಾಯಿಯಾಯಿತು.

ಜಂಗಮಕೋಟೆಯ ಚಿಕ್ಕಮ್ಮ ನಿಮಗೆ ಗೊತ್ತಲ್ಲ, ಈ ಅಂಕಣಕ್ಕೆ ಆಗಾಗ ಬಂದು ನನ್ನನ್ನು ಬೈದು ಹೋಗುತ್ತಾರೆ. ಅವರು ಹುಳ ಸಾಕುತ್ತಲೇ ಒಂದು ಪುಸ್ತಕ ಬರೆದರು. ಮೊದಲ ಜ್ವರದಿಂದ (ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ, ಗಾಬರಿ ಬೇಡ) ಗೂಡು ಕಟ್ಟೋವರೆಗೆ ಎಲ್ಲಾ ಇದೆ. ಚಿಂತಾಮಣಿಯಲ್ಲಿ ಅಚ್ಚು ಹಾಕಿಸಿದರು. ಓದಿದವರು? ನೆಂಟರು. ಅದೂ ಎಲ್ಲರೂ ಅಲ್ಲ.

‘ಗುರುತಿಲ್ಲದೋರು ಒಬ್ರಾದ್ರೂ ಓದ್ಬೇಕು ಕಣಮ್ಮ’ ಅನ್ನೋದೊಂದೇ ಅವರ ಆಸೆ.

ಅದಕ್ಕೇ ನಾನು ಒಂದು ವಿಕಿಯಲ್ಲಿ (ಯಾರು ಬೇಕಾದರೂ ಬರೆದು ತಿದ್ದಬಹುದಾದ ವೆಬ್‌ಸೈಟು) ರೇಷ್ಮೆ ಸಾಕಣೆಯ ಪುಟ ತೆರೆದು ಎರಡು ಸಾಲು ಸೇರಿಸಿದೆ. ಆಧಾರ ಅಂತ ಚಿಕ್ಕಮ್ಮನ ಪುಸ್ತಕದ ಹೆಸರು, ಅದರ ಬೆನ್ನ ಮೇಲಿದ್ದ ಐಎಸ್‌ಬಿಎನ್ ನಂಬರ್ ಹಾಕಿದೆ. ಸೇವ್ ಮಾಡಿದ್ದೇ ತಡ, ನಂಬರ್ ತಾನಾಗೇ ನೀಲಿ ಲಿಂಕ್ ಆಯಿತು. ನಾನೇನೂ ಮಾಡಲಿಲ್ಲ. (ಆ ನಂಬರ್ ಒಂದು ಪುಸ್ತಕಕ್ಕಿದ್ದರೆ ಇನ್ನೊಂದಕ್ಕಿಲ್ಲ. ಅದಕ್ಕೇ ಅದು ಕಂಡ ಕೂಡಲೇ ವಿಕಿ ಲಿಂಕ್ ಹಾಕಿಬಿಡುತ್ತೆ. ಒತ್ತಿದರೆ ಪುಸ್ತಕ ಎಲ್ಲೆಲ್ಲಿ ಸಿಗುತ್ತೆ ಅಂತ ಹುಡುಕಬಹುದು.)

‘ಒತ್ತು, ನೋಡಣ’ ಅಂದರು ಚಿಕ್ಕಮ್ಮ, ಕನ್ನಡಕ ಏರಿಸಿ.

ಒತ್ತಿದೆ. ಲೈಬ್ರರಿಗಳ ಪಟ್ಟಿ ಬಂತು, ಅದರಲ್ಲೊಂದನ್ನು ತೆರೆದೆ. ಅಲ್ಲಿದ್ದದ್ದು ಬಗೆಬಗೆಯ ಉಪ್ಪಿನಕಾಯಿ ಹಾಕುವ ಪುಸ್ತಕ. ಬರೆದವರು ಬೇರೆ ಯಾರೋ.

ಪ್ರೆಸ್ಸಿಗೆ ಫೋನ್ ಮಾಡಿದೆ. ಮಾಲೀಕರು ಒಂಚೂರೂ ಮುಚ್ಚಿಡಲಿಲ್ಲ. ‘ಹಿಂದಿನ ಬುಕ್ಕಿನ ಬ್ಯಾಕ್ ಕವರ್ ರೆಡಿ ಇತ್ತು ಮೇಡಂ. ಫೋಟೋ, ಹೆಸ್ರು ಚೇಂಜ್ ಮಾಡಿದ್ವಿ, ಬಾರ್‌ಕೋಡು ಹಂಗೇ ಬಿಟ್ವಿ. ಆ ಗೆರೆ, ನಂಬರ್ ಇದ್ರೇನೇ ಬುಕ್ಕು ಬುಕ್ಕಿನ ಥರ ಕಾಣೋದು.’

ನಮ್ಮ ಕಡೆ ಮದುವೆ ಕಾರ್ಡು ಹೀಗೇ ಆಗೋದು. ಹಿಂದಿನ ಮದುವೆಯ ಡಿಸೈನು, ಈ ಮದುವೆಯ ಹೆಸರು. ಕಾರ್ಡಿಗೆ ನಡೆಯುತ್ತೆ.

ಸಿಟ್ಟು ಬಂತು. ಲಿಂಕ್ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ? ನಂಬರ್ ಎಲ್ಲಿದೆಯೋ ಅಲ್ಲಿಗೆ ಅದು ಕರೆದುಕೊಂಡು ಹೋಯಿತು. ನಮ್ಮೂರ ಬಸ್ ಕಂಡಕ್ಟರ್ ಆಗಿದ್ದರೆ, ಮುನಿಯಪ್ಪನ ಮನೆ ಅಂದ ಕೂಡಲೇ ‘ಯಾವ ಮುನಿಯಪ್ಪನ ಮನೆಗಮ್ಮ, ಕೆರೆ ಕಡೆಯವರದಾ?’ ಅಂತ ಒಂದು ಮಾತು ಕೇಳಿರೋರು. ಕಂಪ್ಯೂಟರ್ ಕೇಳಲ್ಲ. ನಂಬರ್ ನಂಬರ್ ಥರ ಇದ್ದರೆ ಅದಕ್ಕೆ ಸಾಕು. ಆಧಾರ್, ಪ್ಯಾನ್ ಅಂತ ನಮ್ಮನ್ನೂ ಈಗ ಹಾಗೇ ತಾನೆ ಗುರುತು ಹಿಡಿಯೋದು?

ನಂಬರ್ ಅಳಿಸಿದೆ. ನೀಲಿ ಹೋಯಿತು. ಪುಸ್ತಕದ ಹೆಸರು ಉಳಿಯಿತು, ಒತ್ತಿದರೆ ಎಲ್ಲಿಗೂ ಹೋಗದ ಹೆಸರು. ‘ಮುಂದಿನ ಮುದ್ರಣಕ್ಕೆ ನಮ್ಮದೇ ನಂಬರ್ ತಗೊಳ್ಳಣ ಚಿಕ್ಕಮ್ಮ’ ಅಂದೆ. ಮೊದಲ ಮುದ್ರಣವೇ ಇನ್ನೂ ಅಟ್ಟದ ಮೇಲಿದೆ, ಅದು ಇಬ್ಬರಿಗೂ ಗೊತ್ತು.

ಚಿಕ್ಕಮ್ಮ ಬೈಯಲಿಲ್ಲ. ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಗಿತ್ತು, ಎದ್ದರು. ಬಾಗಿಲ ಹತ್ತಿರ ನಿಂತು ಕೇಳಿದರು:

‘ಅಲ್ಲಮ್ಮ, ಉಪ್ಪಿನಕಾಯಿ ಹುಡುಕ್ಕೊಂಡು ಬರೋರ್ಗಾದ್ರೂ ನನ್ ಪುಸ್ತಕ ಸಿಗುತ್ತಾ?’