ಜೇಬಿನಿಂದ ಇಡೀ ಪ್ಯಾಂಟಿನವರೆಗೆ

ರಾಯದುರ್ಗದ ಬೆಟ್ಟದ ಕೋಟೆಗೆ ಇನ್ನೂ ಬಿಸಿಲು ತಾಗಿಲ್ಲ. ಕೆಳಗೆ, ತಮ್ಮ ಮನೆಯ ಮಾಳಿಗೆ ಮೇಲೆ ಹಳೇ ಪೇಪರ್ ಹರಡಿಕೊಂಡು ಕದರಮ್ಮ ಮಂಡಿಯೂರಿ ಕೂತಿದ್ದಾರೆ. ಪ್ಯಾಂಟಿನ ಗೆರೆ ಎಳೆಯುವ ಪೆನ್ಸಿಲ್ ಸೊಂಟದಿಂದ ಇಳಿದು, ತೊಡೆಯ ಹತ್ತಿರ ಮೆಲ್ಲಗೆ ಬಾಗಿ, ಪಾದದವರೆಗೂ ಹೋಗುತ್ತದೆ. ಈ ಹೊತ್ತಿನಲ್ಲಿ ಬೆಟ್ಟವೂ ಮಡಿಸಿಟ್ಟ ನೀಲಿ ಬಟ್ಟೆಯಂತೆ ಕಾಣುತ್ತದೆ ಅವರಿಗೆ.

ನಲವತ್ತೆರಡರ ಕದರಮ್ಮ ಹದಿನಾರು ವರ್ಷದಿಂದ ಊರಿನ ಜೀನ್ಸ್ ಘಟಕವೊಂದರಲ್ಲಿ ಜೇಬು ಹೊಲಿಯುತ್ತಾರೆ. ದಿನಕ್ಕೆ ನೂರೈವತ್ತು ಪ್ಯಾಂಟು, ಮುನ್ನೂರು ಹಿಂಜೇಬು. "ಕನಸಿನಾಗೂ ಬರೇ ಜೇಬ ಬರ್ತಿದ್ವು ನೋಡ್ರಿ. ಇಡೀ ಪ್ಯಾಂಟು ನಾನ ಕತ್ತರಸಬೇಕು, ಕಟಿಂಗ್ ಮಾಸ್ಟರ್ ಆಗಬೇಕಂತ ಹಟ ಹಿಡದೆ."

ಹಟ ಅತಿಯಾಯಿತು. ಕೆಲಸ ಮುಗಿದ ಮೇಲೂ ಕಟಿಂಗ್ ಮೇಜಿನ ಪಕ್ಕ ನಿಂತು ನೋಡಿದರು. ಊಟ ಬಿಟ್ಟರು, ನಿದ್ದೆಗೆಟ್ಟರು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಹೊಲಿಯುತ್ತಲೇ ಕಣ್ಣು ಮುಚ್ಚಿತು. ಸೂಜಿ ತೋರುಬೆರಳನ್ನು ತೂರಿಹೋಯಿತು. ಗಾಯ ಮಾಯುವವರೆಗೆ ಅನ್ನ ಕಲಸಿ ಕೊಟ್ಟವರು ಗಂಡ ಓಬುಲೇಶ್. "ಕಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮನ್ಯಾಗೂ ಒಂಚೂರು ಇರು" ಅಂದರಂತೆ. ಕದರಮ್ಮ ಬೆರಳು ಸವರಿಕೊಳ್ಳುತ್ತಾರೆ: "ಖರೇನ ರಿ. ಮನ್ಯಾಗ ಇದ್ದೂ ನಾ ಇರಲಿಲ್ಲ."

ಈಗ ಕಲಿಕೆಗೆ ಬೆಳಗಿನ ಒಂದೇ ತಾಸು. ಬಿಸಿಲು ಮಾಳಿಗೆಗೆ ಬಂತೆಂದರೆ, ಗೆರೆ ಅರ್ಧವಿದ್ದರೂ ಪೆನ್ಸಿಲ್ ಕೆಳಗೆ. ಗಂಡನ ಜೊತೆ ಚಹಾ, ಆಮೇಲೆ ಕೆಲಸ.

ಕಳೆದ ವರ್ಷ ಮಾಲೀಕರು ಮಾಸ್ಟರ್ ಕೆಲಸಕ್ಕೇ ಕರೆದರು. ಆದರೆ ರಾತ್ರಿ ಹತ್ತರವರೆಗೆ ಇರಬೇಕೆಂದರು. "ಆರಕ್ಕ ಹೋಗ್ತೀನ್ರಿ, ಇಲ್ಲಾಂದ್ರ ಜೇಬಿಗೇ ಇರ್ತೀನಿ" ಎಂದುಬಿಟ್ಟರು ಕದರಮ್ಮ. ಕೆಲಸ ಬೇರೆಯವರಿಗೆ ಹೋಯಿತು. ಆ ವಾರವೆಲ್ಲ ಊಟ ಸೇರಲಿಲ್ಲವೆಂದು ಒಪ್ಪಿಕೊಳ್ಳುತ್ತಾರೆ. ನಾಲ್ಕು ತಿಂಗಳ ನಂತರ ಹೆಂಗಸರ ಪ್ಯಾಂಟಿನ ಹೊಸ ಅಳತೆ ಯಾರ ಕೈಗೂ ಸರಿಬರದಾಗ, ಕದರಮ್ಮ ಮಾಳಿಗೆ ಮೇಲೆ ಗೆರೆ ಎಳೆದಿಟ್ಟ ಕಾಗದವನ್ನು ಮಾಲೀಕರು ಕೇಳಿದರು. ಅದರಂತೆ ಕತ್ತರಿಸಿದ ಮೊದಲ ಪ್ಯಾಂಟೇ ಸರಿಯಾಗಿ ಕೂತಿತು. ಈಗ ವಾರಕ್ಕೆರಡು ದಿನ ಕಟಿಂಗ್ ಮೇಜು ಕದರಮ್ಮನದು, ಆರು ಗಂಟೆಯವರೆಗೆ ಮಾತ್ರ.

ಇನ್ನೇನು ಆಸೆ ಎಂದರೆ ನಾಚುತ್ತಾರೆ. "ನಾ ಕತ್ತರಿಸಿದ್ದ ಪ್ಯಾಂಟು ಹಾಕ್ಕೊಂಡು ಯಾವುದಾರ ಹುಡುಗಿ ಬಳ್ಳಾರಿ ಬಸ್ ಹತ್ತೋದು ನೋಡಬೇಕ್ರಿ. ಓಡಿ ಹತ್ತಬೇಕು ಆಕಿ. ಎಲ್ಲೂ ಬಿಗಿ ಹಿಡೀಬಾರದು."